ಪದ್ಮರಾಕ್ಷಸನ ಮೇಲೆ ಹೊರಿಸಿದ ಪಾಪ

ಜಗತ್ತಿನ ಅತಿ ದೊಡ್ಡ ಹೂವಿನ ದೃಷ್ಟಾಂತವನ್ನು ನೀವು ಎಲ್ಲಾದರೂ ಕೇಳಿರಬಹುದು. ತಪಸ್ಸುಕಾಲದ ಧ್ಯಾನಕೂಟಗಳಲ್ಲಿ, ಯುವಜನರ ಶಿಬಿರಗಳಲ್ಲಿ ಇದು ಆಗಾಗ ತಲೆಯೆತ್ತುತ್ತದೆ. ದೂರದ ಕಾಡೊಂದರಲ್ಲಿ ಮೊರಕ್ಕಿಂತ ಅಗಲವಾದ ಒಂದು ಹೂವಿದೆಯಂತೆ. ಅದರ ಬಣ್ಣ ನೆತ್ತರಿನಷ್ಟು ಕೆಂಪು. ಅದಕ್ಕೆ ಬೇರಿಲ್ಲ, ಕಾಂಡವಿಲ್ಲ, ಎಲೆಯಿಲ್ಲ. ಇನ್ನೊಂದು ಬಳ್ಳಿಯ ಸಾರವನ್ನು ಹೀರಿ ಬದುಕುತ್ತದೆ. ದೂರದಿಂದ ನೋಡಿದವನು ಮೋಹಗೊಂಡು ಹತ್ತಿರ ಹೋದರೆ ಕೊಳೆತ ಹೆಣದ ನಾತ! ಪಾಪವೂ ಹೀಗೆಯೇ ಎಂದು ಪ್ರಬೋಧಕರು ಮುಗಿಸುತ್ತಾರೆ, ನಾವು ತಲೆದೂಗುತ್ತೇವೆ.

ತಲೆದೂಗುವುದನ್ನು ನಿಲ್ಲಿಸಬೇಕೆಂದು ಕೇಳಿಕೊಳ್ಳುವುದೇ ಈ ಬರಹದ ಉದ್ದೇಶ. ಈ ದೃಷ್ಟಾಂತ ಹೂವಿಗೆ ಮಾಡಿದ ಅನ್ಯಾಯ. ಅದನ್ನು ಸೃಷ್ಟಿಸಿದಾತನಿಗೆ ಮಾಡಿದ ಅಪಚಾರವೆಂದರೂ ಅತಿಶಯೋಕ್ತಿಯಾಗದು. ಇದಕ್ಕಿಂತ ದೊಡ್ಡ ದೋಷ ಇನ್ನೊಂದಿದೆ: ಯಾರ ಪಾಪವನ್ನು ನಿಜವಾಗಿ ವಿಚಾರಿಸಬೇಕಾಗಿತ್ತೋ ಅವರನ್ನು, ಎಂದರೆ ನಿಮ್ಮನ್ನೂ ನನ್ನನ್ನೂ, ಅದು ಸದ್ದಿಲ್ಲದೆ ಬಿಡುಗಡೆ ಮಾಡಿಬಿಡುತ್ತದೆ.

ಹೂವಿನ ಹೆಸರು ರಫ್ಲೇಸಿಯಾ. ಇಂಡೋನೇಷ್ಯಾ, ಮಲೇಷ್ಯಾ, ಫಿಲಿಪ್ಪೀನ್ಸ್, ಥಾಯ್ಲೆಂಡ್ ದೇಶಗಳ ಮಳೆಕಾಡುಗಳಲ್ಲಿ ಅದರ ನಲವತ್ತಕ್ಕೂ ಹೆಚ್ಚು ಪ್ರಭೇದಗಳಿವೆ. ಅವುಗಳಲ್ಲಿ ದೊಡ್ಡದು ಸುಮಾತ್ರಾ ಮತ್ತು ಬೋರ್ನಿಯೋ ದ್ವೀಪಗಳ ರಫ್ಲೇಸಿಯಾ ಅರ್ನಾಲ್ಡೈ. ಅರಳಿದರೆ ಅಗಲ ಒಂದು ಮೀಟರಿನವರೆಗೂ ಹೋಗುತ್ತದೆ. 1993ರಲ್ಲಿ ಇಂಡೋನೇಷ್ಯಾ ಸರ್ಕಾರ ಮೂರು ಹೂಗಳಿಗೆ ರಾಷ್ಟ್ರೀಯ ಗೌರವ ಕೊಟ್ಟಾಗ ಬಿಳಿ ಮಲ್ಲಿಗೆ ಮತ್ತು ಒಂದು ಆರ್ಕಿಡ್ ಜೊತೆಗೆ ಇದನ್ನೂ ಆರಿಸಿತು. ಆ ನಾಡಿನ ಭಾಷೆಯಲ್ಲಿ ಇದರ ಹೆಸರು ‘ಪದ್ಮ ರಾಕ್ಷಸ’. ಕನ್ನಡ ಬಲ್ಲವರಿಗೆ ಇದನ್ನು ಅನುವಾದಿಸಿ ಹೇಳಬೇಕಾಗಿಲ್ಲ. ಸಮುದ್ರದಾಚೆಯ ಆ ಜನರು ಇದನ್ನು ರಾಕ್ಷಸನೆಂದು ಕರೆದರೂ ಪದ್ಮವೆಂಬುದನ್ನು ಮರೆಯಲಿಲ್ಲ.

ಈ ಪದ್ಮದ ಬದುಕು ಬಹಳ ಗುಟ್ಟಿನದು. ದ್ರಾಕ್ಷಿಯ ಕುಟುಂಬಕ್ಕೆ ಸೇರಿದ ಟೆಟ್ರಾಸ್ಟಿಗ್ಮಾ ಎಂಬ ಕಾಡುಬಳ್ಳಿಯೊಳಗೆ ಅದು ನೂಲಿನೆಳೆಗಳಂತೆ ಹರಡಿಕೊಂಡು ವರ್ಷಗಟ್ಟಲೆ ಯಾರ ಕಣ್ಣಿಗೂ ಬೀಳದೆ ಇರುತ್ತದೆ. ಒಂದು ದಿನ ಬಳ್ಳಿಯ ತೊಗಟೆ ಸೀಳಿಕೊಂಡು ಗುಬಟಿನಂಥ ಮೊಗ್ಗೊಂದು ಹೊರಬರುತ್ತದೆ. ಆ ಮೊಗ್ಗು ಕೋಸುಗಡ್ಡೆಯಷ್ಟಾಗಲು ಅನೇಕ ತಿಂಗಳುಗಳು ಬೇಕು. ಬಹಳಷ್ಟು ಮೊಗ್ಗುಗಳು ಅರಳುವ ಮುಂಚೆಯೇ ಕೊಳೆತುಹೋಗುತ್ತವೆ. ಕೆಲವನ್ನು ಪ್ರಾಣಿಗಳು ತಿನ್ನುತ್ತವೆ, ಕೆಲವನ್ನು ಮನುಷ್ಯರು ಔಷಧಿಗೆಂದು ಕಿತ್ತೊಯ್ಯುತ್ತಾರೆ. ಉಳಿದದ್ದು ಅರಳಿದರೆ ಬಾಳು ಐದರಿಂದ ಏಳು ದಿನ. ಅಷ್ಟರಲ್ಲಿ ಹತ್ತಿರದಲ್ಲಿಯೇ ಇನ್ನೊಂದು ಹೂ ಅರಳಿರಬೇಕು, ಏಕೆಂದರೆ ಬಹುತೇಕ ಪ್ರಭೇದಗಳಲ್ಲಿ ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ. ನೊಣಗಳು ಒಂದರಿಂದ ಮತ್ತೊಂದಕ್ಕೆ ಪರಾಗವನ್ನು ಹೊತ್ತೊಯ್ಯಬೇಕು. ಇಷ್ಟೆಲ್ಲ ಕೂಡಿಬಂದರೆ ಮಾತ್ರ ಕಾಯಿ, ಕಾಯಿಯೊಳಗೆ ಸಾವಿರಾರು ಧೂಳಿನಂಥ ಬೀಜ.

ನೊಣವನ್ನು ಕರೆಯಬೇಕಾದರೆ ಮಲ್ಲಿಗೆಯ ಪರಿಮಳ ಪ್ರಯೋಜನಕ್ಕೆ ಬಾರದು. ಆದಕಾರಣ ಆ ನಾತ. ಇದರಲ್ಲಿ ಮೋಸಗಾರಿಕೆಯನ್ನು ಕಾಣುವವರು ತಮ್ಮ ಹಿತ್ತಿಲಿಗೆ ಒಮ್ಮೆ ಹೋಗಿಬರಲಿ. ನಾವು ಸಂತೋಷದಿಂದ ಉಣ್ಣುವ ಸುವರ್ಣಗಡ್ಡೆ ಹೂಬಿಟ್ಟಾಗ ಮನೆಯವರು ಇಲಿ ಸತ್ತಿದೆಯೆಂದು ಹುಡುಕಾಡುವುದುಂಟು. ಅದೇ ಸುವರ್ಣಗಡ್ಡೆಯ ಕುಲಕ್ಕೆ ಸೇರಿದ ಇನ್ನೊಂದು ದೈತ್ಯ, ಇಟಲಿಯ ಒಡೊಆರ್ದೊ ಬೆಕ್ಕಾರಿ 1878ರಲ್ಲಿ ಸುಮಾತ್ರಾದಲ್ಲಿ ಕಂಡದ್ದು, ಆಳೆತ್ತರವನ್ನೂ ಮೀರಿ ಬೆಳೆಯುತ್ತದೆ. ಅದು ಅರಳಿದಾಗ ಯೂರೋಪು ಅಮೆರಿಕಗಳ ಸಸ್ಯೋದ್ಯಾನಗಳಲ್ಲಿ ಜನರು ಸಾಲುಗಟ್ಟಿ ನಿಂತು ಮೂಗು ಮುಚ್ಚಿಕೊಂಡು ನೋಡುತ್ತಾರೆ. ನಮ್ಮ ಸುವರ್ಣಗಡ್ಡೆಯನ್ನು ಯಾವ ಪ್ರಬೋಧಕರೂ ಪಾಪಕ್ಕೆ ಹೋಲಿಸಿದ್ದಿಲ್ಲ. ಸಾರಿನಲ್ಲಿ ಬೇಯುವುದಕ್ಕೆ ಕ್ಷಮೆಯುಂಟು, ಬೇಯದಿರುವುದಕ್ಕೆ ಇಲ್ಲ!

ಇಷ್ಟಕ್ಕೂ ದುರ್ನಾತವೆಂದರೆ ದೇವರು ದೂರ ಸರಿಯುತ್ತಾರೆಂದು ನಮಗೆ ಕಲಿಸಿದವರು ಯಾರು? ಲಾಜರನ ಸಮಾಧಿಯ ಮುಂದೆ ಮಾರ್ತಳು ನಾತದ ಮಾತೆತ್ತಿ ಹಿಂಜರಿದಾಗ ಯೇಸುಸ್ವಾಮಿ ಕಲ್ಲನ್ನು ಸರಿಸದೆ ಬಿಡಲಿಲ್ಲವೆಂಬುದು ಯೊವಾನ್ನರ ಶುಭಸಂದೇಶ ಬಲ್ಲವರಿಗೆಲ್ಲ ಗೊತ್ತು. ಕೊಳೆತದ್ದನ್ನು ಮಣ್ಣಿಗೆ ಸೇರಿಸುವ ನೊಣವೂ ಸೃಷ್ಟಿಯ ಕೂಲಿಯಾಳೇ. ಮನುಷ್ಯನ ಮೂಗಿಗೆಂದೇ ಜಗತ್ತಿನ ಹೂಗಳೆಲ್ಲ ಅರಳಬೇಕೆನ್ನುವುದು ಭಕ್ತಿಯಲ್ಲ, ಅಹಂಕಾರ.

ಇನ್ನು ಪರಾವಲಂಬನೆಯ ಆರೋಪ. ಮಾವಿನ ಮರದ ಬಂದಳಿಕೆಯನ್ನು ಕಂಡು ಬೆಳೆದ ನಮಗೆ ಇದು ಸಹಜವಾಗಿ ಹೊಳೆಯುವ ಆರೋಪವೇ. ಬಂದಳಿಕೆಯಾದರೋ ತನ್ನ ಹಸಿರೆಲೆಯಲ್ಲಿ ತಾನೇ ಒಂದಿಷ್ಟು ಅಡುಗೆ ಮಾಡಿಕೊಳ್ಳುತ್ತದೆ. ರಫ್ಲೇಸಿಯಾಕ್ಕೆ ಅದೂ ಇಲ್ಲ. ಸಸ್ಯದ ಹಸಿರಿಗೆ ಮೂಲವಾದ ಕ್ಲೋರೋಪ್ಲಾಸ್ಟಿನ ಜೀನುಗಳ ಸುಳಿವೇ ಫಿಲಿಪ್ಪೀನ್ಸಿನ ಒಂದು ಪ್ರಭೇದದಲ್ಲಿ ಸಿಗಲಿಲ್ಲವೆಂದು 2014ರಲ್ಲಿ ವಿಜ್ಞಾನಿಗಳು ವರದಿ ಮಾಡಿದರು. ಒಂದು ಕಾಲಕ್ಕೆ ಅದಕ್ಕೂ ಎಲೆಯಿದ್ದ ಪೂರ್ವಿಕರಿದ್ದರು. ವಂಶಾವಳಿಯನ್ನು ಶೋಧಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಅದು ಹರಳು, ಮರಗೆಣಸು, ರಬ್ಬರ್ ಗಿಡಗಳ ದಾಯಾದಿ. ಕ್ರಿಸ್ಮಸ್ ಕಾಲದಲ್ಲಿ ಗೋದಲಿಯ ಪಕ್ಕ ಕುಂಡದಲ್ಲಿಡುವ ಕೆಂಪೆಲೆಯ ಪಾಯಿನ್‌ಸೆಟಿಯಾ ಕೂಡ ಆ ಮನೆತನದ್ದೇ. ಒಂದು ದಾಯಾದಿಗೆ ಬಾಲಯೇಸುವಿನ ಪಕ್ಕದಲ್ಲಿ ಸ್ಥಾನ, ಇನ್ನೊಂದಕ್ಕೆ ಪಾಪದ ಹಣೆಪಟ್ಟಿ!

ದುಡಿಯದೆ ತಿನ್ನುವುದೇ ಅದರ ಅಪರಾಧವಾದರೆ ಮತ್ತಾಯನ ಶುಭಸಂದೇಶದ ಆರನೆಯ ಅಧ್ಯಾಯವನ್ನು ದಯವಿಟ್ಟು ಮತ್ತೆ ತೆರೆಯಿರಿ. ಯೇಸುಸ್ವಾಮಿ ಬಯಲಿನ ಹೂವನ್ನು ತೋರಿಸಿ ಹೊಗಳಿದ್ದು ಯಾವ ಕಾರಣಕ್ಕೆ? ಅದು ದುಡಿಯುವುದಿಲ್ಲ, ನೂಲುವುದಿಲ್ಲ ಎಂಬ ಕಾರಣಕ್ಕೇ ಅಲ್ಲವೇ? ಸೊಲೊಮೋನನ ವೈಭವವನ್ನು ಅವರು ಕೆಳಗಿಟ್ಟದ್ದು ಹೂವಿನ ದುಡಿಮೆಯ ಮುಂದಲ್ಲ, ಅದು ಪಡೆದ ಕೃಪೆಯ ಮುಂದೆ. ಸ್ವಾಮಿ ಯಾವುದನ್ನು ಗುಣವೆಂದು ಎತ್ತಿ ತೋರಿಸಿದರೋ ಅದನ್ನೇ ನಾವು ದೋಷವೆಂದು ಬೋಧಿಸುತ್ತಿದ್ದೇವೆ. ತನ್ನಲ್ಲಿ ಏನೂ ಇಲ್ಲದೆ, ಕೊಟ್ಟದ್ದರಿಂದಲೇ ಬದುಕುವ ಜೀವಿಯೊಂದು ದೃಷ್ಟಾಂತವಾಗಲೇಬೇಕಿದ್ದರೆ ಅದು ವಿಶ್ವಾಸಿಯ ದೃಷ್ಟಾಂತವಾಗಬಹುದಿತ್ತು. ಆದರೆ ನನಗೆ ಅಂಥದೊಂದು ಬದಲಿ ದೃಷ್ಟಾಂತವೂ ಬೇಡ. ಹೂವು ಹೂವಾಗಿಯೇ ಇರಲಿ.

ಇಲ್ಲಿಗೆ ಕೆಲವರು ಬೇರೆ ಪ್ರಶ್ನೆ ಹಿಡಿದು ಬರುತ್ತಾರೆ, ಅದು ಹೆಚ್ಚು ಗಟ್ಟಿಯಾದ ಪ್ರಶ್ನೆ: ಅದರಿಂದ ಉಪಯೋಗವೇನು? ಬಡವರು ಹಸಿದಿರುವಾಗ ವಾರದಲ್ಲಿ ಕೊಳೆಯುವ ಹೂವಿಗಾಗಿ ಕಾಡು ಅಲೆಯುವುದು, ಹಣ ಸುರಿಯುವುದು ಕ್ರೈಸ್ತ ಧರ್ಮವೇ?

ಯೋಬನ ಗ್ರಂಥದ ಮೂವತ್ತೆಂಟನೆಯ ಅಧ್ಯಾಯದಲ್ಲಿ ಸರ್ವೇಶ್ವರ ಬಿರುಗಾಳಿಯೊಳಗಿಂದ ಯೋಬನನ್ನು ಪ್ರಶ್ನಿಸುವಾಗ ಒಂದು ವಿಚಿತ್ರ ಪ್ರಶ್ನೆಯಿದೆ. ಮನುಷ್ಯರು ವಾಸಿಸದ, ಯಾರೂ ಕಾಲಿಡದ ನೆಲದ ಮೇಲೆ ಮಳೆ ಸುರಿಸಿ ಅಲ್ಲಿ ಹಸಿರು ಹುಟ್ಟಿಸುವವರು ಯಾರು ಎಂದು. ಅಷ್ಟು ದೊಡ್ಡ ಸಂಕಟದಲ್ಲಿದ್ದ ಮನುಷ್ಯನಿಗೆ ದೇವರು ಕೊಟ್ಟ ಉತ್ತರದಲ್ಲಿ ಮನುಷ್ಯನಿಗೆ ಉಪಯೋಗವಿಲ್ಲದ ಹುಲ್ಲಿಗೆ ಜಾಗವಿತ್ತು! ಸಂತ ತೋಮಸ್ ಅಕ್ವಿನಾಸರು ಸೃಷ್ಟಿಯಲ್ಲಿ ಇಷ್ಟೊಂದು ವೈವಿಧ್ಯ ಏಕೆಂದು ಕೇಳಿಕೊಂಡು, ದೇವರ ಒಳ್ಳೆಯತನವನ್ನು ತೋರಲು ಯಾವ ಒಂದು ಜೀವಿಯೂ ಸಾಲದು, ಒಂದರಲ್ಲಿ ಕೊರತೆಯಾದದ್ದನ್ನು ಇನ್ನೊಂದು ತುಂಬಬೇಕು ಎಂದು ವಾದಿಸಿದ್ದರು. ದಿವಂಗತ ಜಗದ್ಗುರು ಫ್ರಾನ್ಸಿಸರು 2015ರ ‘ಲೌದಾತೊ ಸೀ’ ವಿಶ್ವಪತ್ರದಲ್ಲಿ ಅದೇ ಮಾತನ್ನು ಹರಿತಗೊಳಿಸಿದರು: ನಮ್ಮಿಂದಾಗಿ ನಶಿಸಿದ ಪ್ರತಿಯೊಂದು ಜೀವಜಾತಿಯೂ ತನ್ನ ಇರವಿನಿಂದ ದೇವರಿಗೆ ಸಲ್ಲಿಸುತ್ತಿದ್ದ ಸ್ತುತಿಯನ್ನು ಇನ್ನು ಸಲ್ಲಿಸಲಾರದು, ಅದನ್ನು ಮೌನಗೊಳಿಸುವ ಹಕ್ಕು ನಮಗಿಲ್ಲ ಎಂಬುದು ಅದರ ತಾತ್ಪರ್ಯ. ಇದು ಯಾರೋ ಪರಿಸರವಾದಿಯ ಹುಚ್ಚಲ್ಲ, ಧರ್ಮಸಭೆಯ ಬೋಧನೆ. ಹಸಿದವರ ಪ್ರಶ್ನೆಗೆ ಮುಂದೆ ಬರುತ್ತೇನೆ. ಅದನ್ನು ತಪ್ಪಿಸಿಕೊಳ್ಳುವ ಉದ್ದೇಶ ನನಗಿಲ್ಲ.

ಮೊದಲು ಹುಡುಕಾಟದ ಮಾತು. ಹೂವಿನ ಮೇಲೆ ಪಾಪ ಹೊರಿಸುವುದಕ್ಕಿಂತ ಹಳೆಯದೂ ದೊಡ್ಡದೂ ಆದ ಅನ್ಯಾಯವೊಂದು ಈ ಹುಡುಕಾಟದಲ್ಲಿಯೇ ಅಡಗಿದೆ.

1818ರಲ್ಲಿ ಸುಮಾತ್ರಾದ ಬೆಂಕುಲು ಬ್ರಿಟಿಷರ ಕೈಯಲ್ಲಿತ್ತು. ಅಲ್ಲಿನ ಅಧಿಪತಿ ಸ್ಟ್ಯಾಮ್‌ಫರ್ಡ್ ರಾಫಲ್ಸ್ ಒಳನಾಡಿನ ಪ್ರವಾಸ ಹೊರಟರು. ಜೊತೆಯಲ್ಲಿ ವೈದ್ಯನೂ ಸಸ್ಯಪ್ರಿಯನೂ ಆಗಿದ್ದ ಜೋಸೆಫ್ ಅರ್ನಾಲ್ಡ್. ಮನ್ನಾ ನದಿಯ ದಂಡೆಯ ಪುಲೊ ಲೆಬಾರ್ ಎಂಬಲ್ಲಿ ಅರ್ನಾಲ್ಡ್ ತಂಡದಿಂದ ಸ್ವಲ್ಪ ಮುಂದೆ ನಡೆದಿದ್ದಾಗ ಮಲಯ ಸೇವಕನೊಬ್ಬ ಬೆರಗುಗಣ್ಣಿನಿಂದ ಓಡಿಬಂದು, ಬನ್ನಿ, ಬಹಳ ದೊಡ್ಡ, ಬಹಳ ಚೆಂದದ ಹೂವೊಂದಿದೆಯೆಂದು ಕರೆದೊಯ್ದ. ಪೊದೆಗಳಡಿಯಲ್ಲಿ ಅದು ನೆಲಕ್ಕಂಟಿಕೊಂಡು ಅರಳಿತ್ತು. ಅರ್ನಾಲ್ಡ್ ಅದನ್ನು ಕತ್ತಿಯಿಂದ ಬಿಡಿಸಿ ಗುಡಿಸಲಿಗೆ ತಂದರು. ಅಳೆದಾಗ ಪೂರಾ ಒಂದು ಗಜ ಅಗಲ, ತೂಕ 15 ಪೌಂಡ್ ಎಂದರೆ ಸುಮಾರು 7 ಕಿಲೋ. ಸಾಕ್ಷಿಗಳಿಲ್ಲದೆ ಒಬ್ಬನೇ ಕಂಡಿದ್ದರೆ ಈ ಅಳತೆಗಳನ್ನು ಹೇಳಲು ಅಂಜುತ್ತಿದ್ದೆನೆಂಬ ಅರ್ಥದ ಮಾತನ್ನು ಅವರು ಪತ್ರದಲ್ಲಿ ಬರೆದರು. ಆ ಪತ್ರ ಪೂರ್ತಿಯಾಗಲಿಲ್ಲ. ಅದೇ ವರ್ಷ ಜ್ವರ ಬಂದು ಅರ್ನಾಲ್ಡ್ ತೀರಿಕೊಂಡರು. ಮುಂದೆ ಲಂಡನ್ನಿನಲ್ಲಿ ರಾಬರ್ಟ್ ಬ್ರೌನ್ ಎಂಬ ಸಸ್ಯಶಾಸ್ತ್ರಜ್ಞರು ಹೂವಿಗೆ ಹೆಸರಿಟ್ಟರು. ಕುಲದ ಹೆಸರಿನಲ್ಲಿ ರಾಫಲ್ಸ್ ಅಮರರಾದರು, ಪ್ರಭೇದದ ಹೆಸರಿನಲ್ಲಿ ಅರ್ನಾಲ್ಡ್.

ಓಡಿಬಂದು ಕರೆದವನ ಹೆಸರೇನು? ಯಾರೂ ಬರೆದಿಡಲಿಲ್ಲ. ಸಾಕ್ಷಿಗಳಿದ್ದುದರಿಂದ ಧೈರ್ಯ ಬಂತೆಂದು ಬರೆದ ಪತ್ರದಲ್ಲಿಯೇ ಮೊದಲ ಸಾಕ್ಷಿಯ ಹೆಸರಿಲ್ಲ. ಅಲ್ಲಿನ ಜನರಿಗೆ ಆ ಹೂವು ಹೊಸದೇನೂ ಆಗಿರಲಿಲ್ಲ ಎಂಬುದಕ್ಕೆ ರಾಫಲ್ಸರ ಬರಹದಲ್ಲಿಯೇ ಪುರಾವೆಯಿದೆ: ಊರವರು ಅದನ್ನು ದೆವ್ವದ ಎಲೆಯಡಿಕೆ ಪೆಟ್ಟಿಗೆಯೆಂದು ಕರೆಯುತ್ತಿದ್ದರಂತೆ. ಎಲೆಯಡಿಕೆ ಮೆಲ್ಲುವ ನಾಡಿನವರಾದ ನಾವು ಆ ಹೆಸರಿನ ರುಚಿಯನ್ನು ಚೆನ್ನಾಗಿ ಬಲ್ಲೆವು. ಒಂದು ಜನಾಂಗ ಇಷ್ಟು ಸೊಗಸಾದ ಹೆಸರಿಟ್ಟು ಬಳಸುತ್ತಿದ್ದ ಹೂವನ್ನು ಇಬ್ಬರು ಆಂಗ್ಲರು ‘ಕಂಡುಹಿಡಿದರು’ ಎಂದು ಮಕ್ಕಳ ಪುಸ್ತಕಗಳು ಬರೆಯುತ್ತವೆ. (ಯೂರೋಪಿನವರಲ್ಲಿಯೂ ಅವರು ಮೊದಲಿಗರಲ್ಲ. ಫ್ರಾನ್ಸಿನ ದೆಶಾಂ ಎಂಬ ವೈದ್ಯರು 1797ರಲ್ಲಿಯೇ ಜಾವಾದಲ್ಲಿ ಇದರ ಇನ್ನೊಂದು ಪ್ರಭೇದವನ್ನು ಸಂಗ್ರಹಿಸಿದ್ದರು. ಊರಿಗೆ ಮರಳುವಾಗ ಅವರ ಹಡಗನ್ನು ಹಿಡಿದ ಬ್ರಿಟಿಷರು ಕಾಗದಪತ್ರಗಳನ್ನೆಲ್ಲ ಕಿತ್ತುಕೊಂಡರು.)

ಆ ಕಾಲವೇ ಹಾಗಿತ್ತು, ಸೇವಕರ ಹೆಸರನ್ನು ಯಾರು ಬರೆಯುತ್ತಿದ್ದರು ಎಂದು ಸಮಾಧಾನ ಹೇಳುವವರಿಗೆ ನಮ್ಮ ಕರಾವಳಿಯಿಂದಲೇ ಉತ್ತರವಿದೆ. ರಾಫಲ್ಸರಿಗಿಂತ 140 ವರ್ಷ ಹಿಂದೆ, 1678ರಲ್ಲಿ, ಮಲಬಾರಿನ ಡಚ್ ಅಧಿಪತಿ ವಾನ್ ರೀಡ್ ‘ಹೊರ್ತುಸ್ ಮಲಬಾರಿಕುಸ್’ ಗ್ರಂಥದ ಮೊದಲ ಸಂಪುಟ ಅಚ್ಚು ಹಾಕಿಸಿದರು; 1693ರ ಹೊತ್ತಿಗೆ ಅದು ಹನ್ನೆರಡು ಸಂಪುಟವಾಯಿತು. ಆ ಕೆಲಸದ ಆರಂಭಕ್ಕೆ ನೆರವಾದವರಲ್ಲಿ ಒಬ್ಬರು ಕಾರ್ಮೆಲ್ ಸಭೆಯ ಸನ್ಯಾಸಿ, ಸಂತ ಜೋಸೆಫರ ಮತ್ತೇವುಸ್. ಗಿಡಗಳ ಗುಣ ಹೇಳಿಕೊಟ್ಟ ಈಳವ ವೈದ್ಯ ಇಟ್ಟಿ ಅಚ್ಯುತನ್, ಕೊಂಕಣಿ ಮಾತನಾಡುವ ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ, ಈ ನಾಲ್ವರ ಹೇಳಿಕೆಗಳೂ ಹೆಸರುಗಳೂ ಅವರವರ ಲಿಪಿಯಲ್ಲಿಯೇ ಆ ಸಂಪುಟದಲ್ಲಿ ಅಚ್ಚಾಗಿವೆ. ಮನಸ್ಸಿದ್ದವರಿಗೆ ಆ ಕಾಲದಲ್ಲಿಯೂ ಸಾಧ್ಯವಿತ್ತು.

ಮನಸ್ಸಿಲ್ಲದಿದ್ದರೆ ಈ ಕಾಲದಲ್ಲಿಯೂ ಸಾಧ್ಯವಾಗದು. 2025ರ ನವೆಂಬರಿನಲ್ಲಿ ಪಶ್ಚಿಮ ಸುಮಾತ್ರಾದ ಕಾಡೊಂದರಲ್ಲಿ ರಾತ್ರಿಯ ಹೊತ್ತು ಚಿತ್ರೀಕರಿಸಿದ ಒಂದು ದೃಶ್ಯವನ್ನು ನಿಮ್ಮ ಮನೆಯ ಮಕ್ಕಳು ಮೊಬೈಲಿನಲ್ಲಿ ತೋರಿಸಿರಬಹುದು. ರಫ್ಲೇಸಿಯಾ ಹ್ಯಾಸೆಲ್ಟೈ ಎಂಬ ವಿರಳ ಪ್ರಭೇದದ ಹೂವು ಕಣ್ಣೆದುರಿಗೆ ಅರಳುತ್ತಿದೆ. ಅದರ ಮುಂದೆ ಇಂಡೋನೇಷ್ಯಾದ ವ್ಯಕ್ತಿಯೊಬ್ಬರು ಮಗುವಿನಂತೆ ಬಿಕ್ಕಿ ಬಿಕ್ಕಿ ಅಳುತ್ತಿದ್ದಾರೆ. ಅವರ ಹೆಸರು ಸೆಪ್ಟಿಯನ್ ಆಂಡ್ರಿಕಿ. ಈ ಹೂವಿನ ದರ್ಶನಕ್ಕಾಗಿ ಅವರು ಕಾದದ್ದು 13 ವರ್ಷ. ಆ ಊರಿನವರು ಈ ಪ್ರಭೇದವನ್ನು ಹುಲಿಮುಖದ ಅಣಬೆಯೆಂದು ಕರೆಯುತ್ತಾರೆ. ಹುಲಿಯಿರುವ ಕಾಡಿನಲ್ಲಿ ಹಗಲೂ ರಾತ್ರಿಯೂ ನಡೆದು ಹೋದವರ ಕಣ್ಣೀರಿಗೆ ವಿವರಣೆ ಬೇಕಿಲ್ಲ.

ಅವರ ಜೊತೆಯಲ್ಲಿದ್ದವರು ಇಂಡೋನೇಷ್ಯಾದ ರಾಷ್ಟ್ರೀಯ ಸಂಶೋಧನಾ ಸಂಸ್ಥೆಯ ಜೋಕೊ ವಿಟೊನೊ, ಸ್ಥಳೀಯರಾದ ಇಸ್ವಾಂಡಿ ಮತ್ತು ಆಕ್ಸ್‌ಫರ್ಡ್ ಸಸ್ಯೋದ್ಯಾನದ ಕ್ರಿಸ್ ಥೊರೊಗುಡ್. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯ ಈ ಸಂತೋಷವನ್ನು ಜಗತ್ತಿಗೆ ಸಾರಿದಾಗ ಎಷ್ಟು ಹೆಸರುಗಳನ್ನು ಹೇಳಿತು ಗೊತ್ತೇ? ಒಂದೇ ಒಂದು, ತನ್ನವರದ್ದು. ಇಂಡೋನೇಷ್ಯಾದವರು ಸಿಟ್ಟಿಗೆದ್ದರು, ಜಕಾರ್ತಾದ ಮಾಜಿ ರಾಜ್ಯಪಾಲ ಅನೀಸ್ ಬಸ್ವೇದನ್ ಆ ಮೂವರ ಹೆಸರುಗಳನ್ನು ಬಹಿರಂಗವಾಗಿ ಬರೆದು, ಇವರನ್ನೂ ಹೆಸರಿಸಿ ಎಂದು ಕೇಳಿದರು. ಥೊರೊಗುಡ್ ಅವರ ಬಗ್ಗೆ ನ್ಯಾಯವಾಗಿ ಹೇಳಬೇಕಾದದ್ದೂ ಇದೆ: ಸಂಗಡಿಗನ ಅಳುವನ್ನು ಜಗತ್ತಿಗೆ ತೋರಿಸಿದವರು ಅವರೇ, ಅವರನ್ನು ಮನಸಾರೆ ಹೊಗಳಿದವರೂ ಅವರೇ. ತಪ್ಪು ಒಬ್ಬ ವ್ಯಕ್ತಿಯದಲ್ಲ, ಒಂದು ಅಭ್ಯಾಸದ್ದು. 1818ರಿಂದ 2025ರವರೆಗೆ 207 ವರ್ಷ ಕಳೆದರೂ ದಾರಿ ತೋರಿಸಿದವನು ದಾರಿಯಲ್ಲಿಯೇ ಉಳಿಯುತ್ತಾನೆ.

ಓದುಗರೇ, ಇದನ್ನು ಓದಿ ಪರದೇಶದವರನ್ನು ಶಪಿಸುವುದು ಸುಲಭ. ನಮ್ಮ ಚರ್ಚುಗಳ ಶತಮಾನೋತ್ಸವ ಸಂಚಿಕೆಗಳನ್ನು ತೆರೆದು ನೋಡಿ. ಅಡಿಗಲ್ಲು ಇಟ್ಟವರ ಹೆಸರಿದೆ, ಆಶೀರ್ವದಿಸಿದವರ ಹೆಸರಿದೆ, ಗಂಟೆ ದಾನ ಕೊಟ್ಟವರ ಹೆಸರಿದೆ. ಕಲ್ಲು ಹೊತ್ತವರದ್ದು?

ಈಗ ಹಸಿದವರ ಪ್ರಶ್ನೆಗೆ, ಹಾಗೂ ನಿಜವಾದ ಪಾಪದ ಲೆಕ್ಕಕ್ಕೆ ಬರೋಣ. 2023ರಲ್ಲಿ ಹಲವು ದೇಶಗಳ ಸಸ್ಯವಿಜ್ಞಾನಿಗಳು ಸೇರಿ ರಫ್ಲೇಸಿಯಾದ 42 ಪ್ರಭೇದಗಳ ಸ್ಥಿತಿಯನ್ನು ಪರಿಶೀಲಿಸಿದರು. 25 ಪ್ರಭೇದಗಳು ಅಳಿವಿನ ತೀರಾ ಅಂಚಿನಲ್ಲಿವೆ, 15 ಅಪಾಯದಲ್ಲಿವೆ, ಉಳಿದ 2 ದುರ್ಬಲ ಸ್ಥಿತಿಯಲ್ಲಿವೆ. ಸುರಕ್ಷಿತವೆಂದು ಹೇಳಬಹುದಾದದ್ದು ಒಂದೂ ಇಲ್ಲ. ಅವುಗಳ ನೆಲೆಗಳಲ್ಲಿ ಮೂರನೆಯ ಎರಡು ಭಾಗ ಯಾವ ರಕ್ಷಿತ ಅರಣ್ಯಕ್ಕೂ ಸೇರಿಲ್ಲ. ಹೂವನ್ನು ಕುಂಡದಲ್ಲಿ ಬೆಳೆಸಿ ಉಳಿಸಿಕೊಳ್ಳೋಣವೆಂದರೆ ಅದು ಕುಂಡದ ಹೂವಲ್ಲ. ಜಾವಾದ ಬೊಗೋರ್ ಸಸ್ಯೋದ್ಯಾನದವರು ರಫ್ಲೇಸಿಯಾ ಇರುವ ಬಳ್ಳಿಯ ತುಂಡನ್ನು ಕಸಿ ಮಾಡಿ, ವರ್ಷಗಳ ತಾಳ್ಮೆಯ ನಂತರ 2010ರಲ್ಲಿ ಒಂದು ಪ್ರಭೇದವನ್ನು ಅರಳಿಸಿದ್ದೇ ದೊಡ್ಡ ಸಾಧನೆ. ಹೂವು ಉಳಿಯಬೇಕಾದರೆ ಬಳ್ಳಿ ಬೇಕು. ಬಳ್ಳಿಗೆ ಏರಲು ಮರ ಬೇಕು. ಮರಕ್ಕೆ ಕಾಡು ಬೇಕು.

ಆ ಕಾಡು ಎಲ್ಲಿ ಹೋಯಿತು? ಸುಮಾತ್ರಾದ ತಗ್ಗುನಾಡಿನ ಕಾಡುಗಳ ಬಹುಭಾಗ ಮರಕ್ಕಾಗಿ, ಕಾಗದದ ತಿರುಳಿಗಾಗಿ, ಅದಕ್ಕಿಂತ ಹೆಚ್ಚಾಗಿ ತಾಳೆಎಣ್ಣೆಯ ತೋಟಗಳಿಗಾಗಿ ಕಡಿದುಹೋಗಿದೆ. ಜಗತ್ತಿನಲ್ಲಿ ತಾಳೆಎಣ್ಣೆಯನ್ನು ಅತಿ ಹೆಚ್ಚು ಆಮದು ಮಾಡಿಕೊಳ್ಳುವ ದೇಶ ಯಾವುದು? ನಮ್ಮದೇ. ನಾವು ಉಣ್ಣುವ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನಿಂದ ಬರುತ್ತದೆ. ಅದರಲ್ಲಿ ದೊಡ್ಡ ಪಾಲು ಇಂಡೋನೇಷ್ಯಾ, ಮಲೇಷ್ಯಾಗಳ ತಾಳೆಎಣ್ಣೆ. ಧರ್ಮಕೇಂದ್ರದ ಹಬ್ಬದ ಊಟದಲ್ಲಿ, ಬೇಕರಿಯ ಬಿಸ್ಕತ್ತಿನಲ್ಲಿ, ಸ್ನಾನದ ಸಾಬೂನಿನಲ್ಲಿ, ಕ್ರಿಸ್ಮಸ್ಸಿಗೆ ಕರಿಯುವ ಕಲ್ಕಲ್‌ನಲ್ಲಿಯೂ ಅದಿರುವ ಸಾಧ್ಯತೆಯಿದೆ. ಬಳ್ಳಿಯ ಸಾರ ಹೀರುವ ಹೂವು ಬಳ್ಳಿಯನ್ನು ಕೊಲ್ಲುವುದಿಲ್ಲ, ಕೊಂದರೆ ತಾನೂ ಸಾಯಬೇಕಾಗುತ್ತದೆ. ದೂರದ ದ್ವೀಪವೊಂದರ ಸಾರ ಹೀರುವ ನಮಗೆ ಆ ಅಂಕೆಯೂ ಇಲ್ಲ. ಪರಾವಲಂಬಿ ಯಾರು ಎಂಬುದನ್ನು ದೃಷ್ಟಾಂತ ಹೇಳುವವರು ಇನ್ನೊಮ್ಮೆ ಯೋಚಿಸಲಿ.

ಕಾಡು ಹೋದರೆ ಹೂವು ಮಾತ್ರ ಹೋಗುವುದಿಲ್ಲ. ಆ ಹೂವಿನ ಮುಂದೆ ಮನುಷ್ಯನೊಬ್ಬ ಅತ್ತ ಅದೇ ನವೆಂಬರ್ ತಿಂಗಳ ಕೊನೆಯ ವಾರದಲ್ಲಿ ಸುಮಾತ್ರಾದ ಅಚೆ, ಉತ್ತರ ಸುಮಾತ್ರಾ ಮತ್ತು ಪಶ್ಚಿಮ ಸುಮಾತ್ರಾ ಪ್ರಾಂತ್ಯಗಳಲ್ಲಿ ಚಂಡಮಾರುತದ ಮಳೆ ಸುರಿದು ನೆರೆಯೂ ಭೂಕುಸಿತವೂ ಸಾವಿರಕ್ಕೂ ಹೆಚ್ಚು ಜನರ ಜೀವ ತೆಗೆದವು. ನೆರೆಯ ನೀರಿನೊಡನೆ ಬೆಟ್ಟದಿಂದ ಇಳಿದುಬಂದ ಮರದ ದಿಮ್ಮಿಗಳ ರಾಶಿ ಊರುಗಳ ಮೇಲೆ ಬಿದ್ದಿತ್ತು. ಮಳೆಗೆ ಕಾರಣ ಚಂಡಮಾರುತವೇ ಸರಿ. ಆದರೆ ಮಣ್ಣನ್ನು ಹಿಡಿದುಕೊಳ್ಳಬೇಕಾಗಿದ್ದ ಕಾಡು ತೆಳುವಾಗಿದ್ದುದರಿಂದ ಹಾನಿ ಹೆಚ್ಚಿತೆಂದು ಅಲ್ಲಿನವರೇ ಎದೆ ಬಡಿದುಕೊಂಡು ಹೇಳಿದರು. ಸತ್ತವರು ಯಾರು? ಬಡವರೇ. ಹೂವು ಬೇಕೋ ಬಡವ ಬೇಕೋ ಎಂಬ ಪ್ರಶ್ನೆಯನ್ನು ಸುಮಾತ್ರಾದ ಹೊಳೆದಂಡೆಯಲ್ಲಿ ನಿಂತು ಯಾರೂ ಕೇಳಲಾರರು.

ಹಾಗೆಂದು ತಾಳೆ ಬೆಳೆಯುವವರೆಲ್ಲ ದುಷ್ಟರೆಂದು ನಾನು ಹೇಳಿದರೆ ಅದೂ ಸುಳ್ಳು. ಇಂಡೋನೇಷ್ಯಾದ ತಾಳೆ ತೋಟಗಳಲ್ಲಿ ಸುಮಾರು ಶೇಕಡಾ 40ರಷ್ಟು ಸಣ್ಣ ಹಿಡುವಳಿದಾರರವು. ನಮ್ಮ ಅಡಿಕೆ, ರಬ್ಬರ್ ಬೆಳೆಗಾರರಂತೆ ಮಕ್ಕಳ ಶುಲ್ಕ ಕಟ್ಟಲು ಬೆಳೆಯುವವರು. ಒಂದು ಎಕರೆಯಲ್ಲಿ ತಾಳೆ ಕೊಡುವಷ್ಟು ಎಣ್ಣೆಯನ್ನು ಕಡಲೆಕಾಯಿಯಾಗಲಿ ಸೂರ್ಯಕಾಂತಿಯಾಗಲಿ ಕೊಡಲಾರದು. ಎಲ್ಲರೂ ಅದನ್ನು ಬಿಟ್ಟು ಬೇರೆ ಎಣ್ಣೆಗೆ ಹೋದರೆ ಇನ್ನೂ ಹೆಚ್ಚು ನೆಲ ಬೇಕಾದೀತು. ಆದ್ದರಿಂದ ಬಹಿಷ್ಕಾರದ ಘೋಷಣೆ ಕೂಗಲು ನಾನು ಸಿದ್ಧನಿಲ್ಲ. ಇರುವ ತೋಟದಲ್ಲಿ ಬೆಳೆಯುವುದು ಬೇರೆ, ನಿಂತ ಕಾಡನ್ನು ಹೊಸದಾಗಿ ಕಡಿಯುವುದು ಬೇರೆ. ಈ ಎರಡನ್ನೂ ಬೇರ್ಪಡಿಸಿ ನೋಡುವಂತೆ ಮಾರುವವರನ್ನು ಕೇಳುವ ಹಕ್ಕು ಕೊಳ್ಳುವವರಿಗಿದೆ. ಅತಿ ದೊಡ್ಡ ಗಿರಾಕಿಗಂತೂ ಅದು ಕರ್ತವ್ಯ.

ಈ ಮಾತು ನಮ್ಮ ದೇಶದೊಳಗೇ ಬಂದು ನಿಂತಿದೆ. ರಫ್ಲೇಸಿಯಾದ ಹತ್ತಿರದ ಬಂಧು ಸಾಪ್ರಿಯಾ ಹಿಮಾಲಯಾನಾ ಭಾರತದ್ದೇ ಹೂವು. ವಿಲಿಯಂ ಗ್ರಿಫಿತ್ 1836ರಲ್ಲಿ ಇಂದಿನ ಅರುಣಾಚಲದ ಮಿಶ್ಮಿ ಬೆಟ್ಟಗಳಲ್ಲಿ ಅದನ್ನು ಸಂಗ್ರಹಿಸಿದರು. ಗೇಣಗಲದ ಕೆಂಪು ಹೂವು, ಅದರ ಮೇಲೆ ತಿಳಿಹಳದಿ ಚುಕ್ಕೆಗಳು. ಅದೂ ಕಾಡುಬಳ್ಳಿಯೊಳಗಿನ ಜೀವ. ಹೂಬಿಡುವ ಗಿಡಗಳಲ್ಲೆಲ್ಲ ಸಾಮಾನ್ಯವಾಗಿರುವ ಜೀನುಗಳಲ್ಲಿ ಸುಮಾರು ಶೇಕಡಾ 44ರಷ್ಟನ್ನು ಅದು ಕಳೆದುಕೊಂಡಿದೆಯೆಂದು 2021ರಲ್ಲಿ ತಿಳಿದುಬಂತು. ಅದೇ 2021ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ 11,040 ಕೋಟಿ ರೂಪಾಯಿಯ ತಾಳೆಎಣ್ಣೆ ಅಭಿಯಾನಕ್ಕೆ ಒಪ್ಪಿಗೆ ಕೊಟ್ಟಿತು. ಹೊಸದಾಗಿ ತಾಳೆ ಹಾಕಬೇಕೆಂದು ಗುರಿಯಿಟ್ಟ 6.5 ಲಕ್ಷ ಹೆಕ್ಟೇರಿನಲ್ಲಿ 3.28 ಲಕ್ಷ ಹೆಕ್ಟೇರು ಈಶಾನ್ಯ ರಾಜ್ಯಗಳ ಪಾಲು. ಆಮದು ಕಡಿಮೆಯಾಗಬೇಕೆಂಬ ಉದ್ದೇಶ ಒಳ್ಳೆಯದೇ. ಆದರೆ ಸುಮಾತ್ರಾದ ಕಥೆ ಗೊತ್ತಿದ್ದೂ ಅದನ್ನು ಸಾಪ್ರಿಯಾದ ಬೆಟ್ಟಗಳಲ್ಲಿ ಮತ್ತೆ ಬರೆಯುವುದು ಜಾಣತನವೇ? ಈಶಾನ್ಯದ ಬೆಟ್ಟಗಳಲ್ಲಿ ನಮ್ಮ ವಿಶ್ವಾಸವನ್ನೇ ಹಂಚಿಕೊಂಡ ಲಕ್ಷಾಂತರ ಕುಟುಂಬಗಳಿವೆ. ಅವರ ಕಾಡಿನ ವಿಷಯದಲ್ಲಿ ನಮ್ಮ ಧರ್ಮಕ್ಷೇತ್ರಗಳ ಆಯೋಗಗಳು ಒಂದು ಠರಾವನ್ನಾದರೂ ಮಾಡಬಾರದೇ?

ನೋಡಹೋಗುವವರಿಗೂ ಒಂದು ಮಾತಿದೆ, ಏಕೆಂದರೆ ಈಗ ನಮ್ಮ ಊರುಗಳಿಂದಲೂ ಮಲೇಷ್ಯಾ, ಇಂಡೋನೇಷ್ಯಾ ಪ್ರವಾಸಗಳು ಹೊರಡುತ್ತವೆ. ಬೋರ್ನಿಯೋದ ಸಬಾದಲ್ಲಿ ಕಿನಾಬಾಲು ಬೆಟ್ಟದ ತಪ್ಪಲಿನ ಹಳ್ಳಿಗಳವರು ತಮ್ಮ ತೋಟದಲ್ಲಿ ರಫ್ಲೇಸಿಯಾ ಅರಳಿದಾಗ ರಸ್ತೆಯ ಬದಿಯಲ್ಲಿ ಫಲಕ ಹಾಕಿ, ಶುಲ್ಕ ತೆಗೆದುಕೊಂಡು ತೋರಿಸುತ್ತಾರೆ. ಹೂವಿಗೂ ದುಡ್ಡೇ ಎಂದು ಮೂಗೆಳೆಯಬೇಡಿ. ಆ ಶುಲ್ಕವಿರುವುದರಿಂದಲೇ ಆ ಬಳ್ಳಿಯನ್ನು ಕಡಿಯದೆ ಬಿಟ್ಟಿದ್ದಾರೆ, ಮೊಗ್ಗನ್ನು ಕಿತ್ತು ಮಾರದೆ ತಿಂಗಳುಗಟ್ಟಲೆ ಕಾಯುತ್ತಾರೆ. ಹಣ ಕೊಡಿ, ಚೌಕಾಸಿ ಮಾಡಬೇಡಿ. ಮೊಗ್ಗನ್ನು ಮುಟ್ಟಬೇಡಿ. ಚಿತ್ರಕ್ಕಾಗಿ ಹೂವಿನ ಪಕ್ಕಕ್ಕೆ ನುಗ್ಗಿ ನಿಲ್ಲಬೇಡಿ. ಮಣ್ಣಿನಡಿ ಹರಡಿರುವ ಬಳ್ಳಿ ನಿಮ್ಮ ಕಾಲಡಿಯಲ್ಲಿ ನಲುಗಿದರೆ ಮುಂದಿನ ವರ್ಷದ ಮೊಗ್ಗುಗಳೂ ಅದರೊಡನೆ ಹೋಗುತ್ತವೆ. ಹೂವು ಅರಳಿರದಿದ್ದರೆ ಸಿಟ್ಟಾಗದೆ ಹಿಂತಿರುಗಿ.

ಹಿಂತಿರುಗುವ ಮುಂಚೆ, ದಾರಿ ತೋರಿಸಿದವರ ಹೆಸರನ್ನು ಕೇಳಿ ಬರೆದುಕೊಳ್ಳಿ. ಊರಿಗೆ ಬಂದು ಚಿತ್ರ ತೋರಿಸುವಾಗ ಆ ಹೆಸರನ್ನೂ ಹೇಳಿ.